ಮಾತಾಡಿಸೋಕೆ ಬರುವವರು ಬೇಕಾದಷ್ಟು ಜನ, ಮಾತು ಬರೋವರೆಗೆ ಕಾಯುವವರು ಯಾರು? ಲಕ್ವಾ ಹೊಡೆದು ಮಾತು ಹೋದವರ ಮನೆಯವರು ಇದ್ದರೆ ಉತ್ತರಿಸಿ

ತಿಪಟೂರು ಮಗಳು · ಭಾನುವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪನಿಗೆ 67 ವರ್ಷ. ಸರ್ಕಾರಿ ಬಸ್ಸಿನಲ್ಲಿ 31 ವರ್ಷ ಕಂಡಕ್ಟರ್ ಆಗಿದ್ದು ರಿಟೈರ್ ಆದವರು. ಏಳು ತಿಂಗಳ ಹಿಂದೆ ಬೆಳಗ್ಗೆ ಡೈರಿಗೆ ಹೋದವರು ಕ್ಯಾನ್ ಕೆಳಗಿಟ್ಟು ಅಲ್ಲೇ ಕುಸಿದರು. ಮೆದುಳಿನ ಎಡಭಾಗಕ್ಕೆ ರಕ್ತ ಹೋಗುವ ನಾಳ ಕಟ್ಟಿಕೊಂಡಿತ್ತು. ಬಲಗೈ, ಬಲಗಾಲು ಹೋಯಿತು. ಕಾಲು ಈಗ ಪರವಾಗಿಲ್ಲ, ವಾಕರ್ ಹಿಡಿದು ಬಚ್ಚಲಿಗೆ ಹೋಗಿ ಬರುತ್ತಾರೆ. ಕೈ ಇನ್ನೂ ಅಷ್ಟಕ್ಕಷ್ಟೇ.

ಮಾತು ಮಾತ್ರ ಬರುತ್ತಿಲ್ಲ. ನಾಲಿಗೆ ಸರಿಯಾಗಿದೆ, ಊಟ ಮಾಡುತ್ತಾರೆ. ನನ್ನನ್ನು ನೋಡಿದರೆ ಮುಖ ಅರಳುತ್ತದೆ. ಹೆಸರು ಕರೆಯಬೇಕು ಅಂತ ಬಾಯಿ ತೆರೆಯುತ್ತಾರೆ, ಬರುವುದು ‘ಅದು... ಅದು... ಹಾಲು’. ನಾನು ಹಾಲು ತಂದರೆ ಕೈ ಬೀಸಿ ತಳ್ಳುತ್ತಾರೆ. ಬೇಕಿದ್ದದ್ದು ಕನ್ನಡಕ. ಇದಕ್ಕೆ ಅಫೇಸಿಯಾ ಅನ್ನುತ್ತಾರೆ ಅಂತ ನಮಗೆ ಗೊತ್ತಾಗಿದ್ದು ಐದನೇ ತಿಂಗಳಲ್ಲಿ. ಡಿಸ್ಚಾರ್ಜ್ ಮಾಡುವಾಗ ಚೀಟಿಯಲ್ಲಿ ಮಾತ್ರೆ ಬರೆದಿದ್ದರು, ಫಿಸಿಯೋ ಬರೆದಿದ್ದರು. ಮಾತಿಗೂ ಚಿಕಿತ್ಸೆ ಇದೆ ಅಂತ ಒಬ್ಬರೂ ಹೇಳಲಿಲ್ಲ.

ನಾನು ಕೇಳಬೇಕು ಅಂತ ಬಂದಿದ್ದು ಔಷಧಿ ಬಗ್ಗೆ ಅಲ್ಲ, ಜನರ ಬಗ್ಗೆ. ನಮ್ಮ ಕಡೆ ಯಾರಿಗಾದರೂ ಹುಷಾರಿಲ್ಲ ಅಂದರೆ ‘ಹೋಗಿ ಮಾತಾಡಿಸಿಕೊಂಡು ಬರೋಣ’ ಅನ್ನುತ್ತಾರೆ ಅಲ್ವಾ? ಹಾಗೆ ಮೊದಲ ತಿಂಗಳು ಮನೆ ತುಂಬ ಜನ. ಬಾಳೆಹಣ್ಣು ಕೊಳೆಯುವಷ್ಟು ಬಂತು. ಬಂದವರೆಲ್ಲ ಮಾಡುತ್ತಿದ್ದದ್ದು ಒಂದೇ. ಮಂಚದ ಹತ್ತಿರ ಬಗ್ಗಿ, ಕಿವುಡರ ಹತ್ತಿರ ಮಾತಾಡುವ ಹಾಗೆ ಜೋರಾಗಿ, ‘ಗುರುತು ಸಿಕ್ತಾ? ನಾನ್ಯಾರು ಹೇಳಿ ನೋಡೋಣ?’ ಅಪ್ಪನಿಗೆ ಗೊತ್ತು ಯಾರು ಅಂತ. ಹೆಸರು ಬಾಯಿಗೆ ಬರಲ್ಲ. ಬೆವರುತ್ತಾರೆ. ಅವರು ನನ್ನ ಕಡೆ ತಿರುಗಿ ‘ಪಾಪ, ಬುದ್ಧಿ ಹೋಗಿದೆ’ ಅನ್ನುತ್ತಾರೆ, ಅಪ್ಪನ ಮುಂದೇನೇ.

ಮೂರನೇ ತಿಂಗಳಿಗೆ ಜನ ಕಮ್ಮಿ ಆದರು. ಈಗ ಯಾರೂ ಬರಲ್ಲ. ಅಪ್ಪನ ಜೊತೆ ದಿನಾ ಸಂಜೆ ಕಟ್ಟೆ ಮೇಲೆ ಕೂರುತ್ತಿದ್ದ ನಾಲ್ಕು ಜನ ಗೆಳೆಯರು ಮನೆ ಮುಂದೆ ಹಾದು ಹೋಗುವಾಗ ಆ ಕಡೆ ನೋಡಿಕೊಂಡು ಹೋಗುತ್ತಾರೆ. ಕೆಟ್ಟವರಲ್ಲ. ಏನು ಮಾತಾಡಬೇಕು ಅಂತ ಗೊತ್ತಿಲ್ಲ ಅಷ್ಟೆ. ಅಪ್ಪ ಕಿಟಕಿ ಹತ್ತಿರ ಕೂತು ಅವರನ್ನೇ ನೋಡುತ್ತಾರೆ.

ಇಂಥವರು ಸೇರುವ ಗುಂಪು ಏನಾದರೂ ಇದೆಯಾ? ಬೆಂಗಳೂರಿಗೆ ವಾರಕ್ಕೊಮ್ಮೆ ಕರೆದುಕೊಂಡು ಹೋಗಲು ಆಗಲ್ಲ. ನಿಮ್ಮ ಊರಲ್ಲಿ ನೀವು ಏನು ಮಾಡಿಕೊಂಡಿದ್ದೀರಿ, ಹೇಳಿ.

ಹಾಸನದವನು · ಭಾನುವಾರ ರಾತ್ರಿ 11:15

ಅಕ್ಕಾ, ನಮ್ಮನೆ ಕತೆಯನ್ನೇ ಬರೆದಿದ್ದೀರಿ. ನಮ್ಮಮ್ಮನಿಗೆ ಆಗಿ ಎರಡು ವರ್ಷ. ಗುಂಪು ಗಿಂಪು ಏನೂ ಇಲ್ಲ. ನೆಂಟರು ವಾಟ್ಸಾಪ್‌ನಲ್ಲಿ ವಿಡಿಯೋ ಕಳಿಸುತ್ತಾರೆ. ‘ದಿನಾ ಅಕ್ರೋಟ್ ತಿನ್ನಿಸು.’ ‘ಪಾಸಿಟಿವ್ ಆಗಿರು.’ ಒಂದು ಶನಿವಾರ ಬಂದು ಅಮ್ಮನ ಹತ್ತಿರ ಕೂತಿರಪ್ಪ, ನಾನು ಹೋಗಿ ಕಟಿಂಗ್ ಮಾಡಿಸಿಕೊಂಡು ಬರ್ತೀನಿ ಅಂದರೆ ಎಲ್ಲರಿಗೂ ಕೆಲಸ.

ನಿಮಗೆ ಏನಾದರೂ ಸಿಕ್ಕಿದರೆ ಇಲ್ಲೇ ಹಾಕಿ. ನನಗೆ ನಂಬಿಕೆ ಇಲ್ಲ, ಆದರೂ ಓದುತ್ತೇನೆ.

ನಿಧಾನ · ಸೋಮವಾರ ಬೆಳಗ್ಗೆ 6:20

ನಾನೇ ಪೇಷೆಂಟ್. 44 ವರ್ಷ. ತುಮಕೂರು. ಸ್ಟ್ರೋಕ್ ಆಗಿ ಮೂರು ವರ್ಷ. ಬ್ಯಾಂಕ್ ಕೆಲಸ ಇತ್ತು. ಬಿಟ್ಟೆ.

ಇದನ್ನು ಬರೆಯಲು ಮುಕ್ಕಾಲು ಗಂಟೆ ಆಯಿತು. ಹೆಂಡತಿ ತಪ್ಪು ನೋಡಿದಳು. ಅವಳು ಸೇರಿಸಿದ್ದು ಏನೂ ಇಲ್ಲ. ಒತ್ತಕ್ಷರ ಮಾತ್ರ ಸರಿ ಮಾಡಿದಳು. ನನಗೆ ಒತ್ತು ಎಲ್ಲಿ ಬರುತ್ತದೆ ಅಂತ ಈಗಲೂ ಗೊತ್ತಾಗಲ್ಲ.

ಒಳಗೆ ಹೇಗಿರುತ್ತದೆ ಹೇಳುತ್ತೇನೆ. ಮದುವೆ ಮನೆಯಲ್ಲಿ ಚಪ್ಪಲಿ ಹುಡುಕುವ ಹಾಗೆ. ನನ್ನದು ಇಲ್ಲೇ ಇದೆ. ಬಿಟ್ಟದ್ದು ನಾನೇ. ನೂರು ಜೊತೆ ಇದೆ. ಬೇರೆಯವರದ್ದು ಕಾಲಿಗೆ ಸಿಗುತ್ತದೆ. ಹಿಂದೆ ಜನ ನಿಂತಿದ್ದಾರೆ. ‘ಬೇಗ ಬೇಗ’ ಅನ್ನುತ್ತಾರೆ. ಆಗ ಇನ್ನೂ ಸಿಗಲ್ಲ.

ಮೊದಲ ವರ್ಷ ನನ್ನ ಗೆಳೆಯರೂ ಬಿಟ್ಟರು. ಒಬ್ಬ ಉಳಿದ. ಅವನು ಮೆಡಿಕಲ್ ಶಾಪ್ ಇಟ್ಟಿದ್ದಾನೆ. ಮಧ್ಯಾಹ್ನ ಎರಡರಿಂದ ನಾಲ್ಕು ಗಿರಾಕಿ ಇರಲ್ಲ. ನನ್ನನ್ನು ಕರೆದು ಕೂರಿಸಿಕೊಂಡ. ಏನೂ ಕೇಳಲಿಲ್ಲ. ಮಾತ್ರೆ ಡಬ್ಬಿ ಜೋಡಿಸು ಅಂದ. ಜೋಡಿಸಿದೆ. ಎರಡನೇ ವಾರ ಅವನೇ ತಪ್ಪು ಜಾಗಕ್ಕೆ ಇಟ್ಟ. ನಾನು ‘ಏಯ್, ಅಲ್ಲ!’ ಅಂದೆ. ಅದೇ ಮೊದಲ ಸರಿಯಾದ ಮಾತು. ಬೈಗುಳ ಬೇಗ ಬರುತ್ತದೆ. ನಿಮ್ಮ ಅಪ್ಪ ಬೈದರೆ ಖುಷಿಪಡಿ.

ಅಪ್ಪನಿಗೆ ಕೆಲಸ ಕೊಡಿ. ಪ್ರಶ್ನೆ ಕೊಡಬೇಡಿ.

ರಾಯರ ಭಕ್ತ · ಸೋಮವಾರ ಬೆಳಗ್ಗೆ 9:05

ಮೇಡಂ, ಲಕ್ವಾಗೆ ಇಂಗ್ಲಿಷ್ ಮದ್ದು ನಡೆಯಲ್ಲ. ನಮ್ಮ ಕಡೆ ಒಬ್ಬರು ನಾಟಿ ಎಣ್ಣೆ ಕೊಡುತ್ತಾರೆ. ಜೊತೆಗೆ ಪಾರಿವಾಳದ ರಕ್ತ ಹಚ್ಚಿದರೆ ಮೂರೇ ವಾರ. ಬೇಕಾದರೆ ನಂಬರ್ ಕೊಡುತ್ತೇನೆ.

ಹಾಸನದವನು · ಸೋಮವಾರ ಬೆಳಗ್ಗೆ 9:30

ಹಚ್ಚಿದ್ದೇವೆ ಸ್ವಾಮಿ. ಪಾರಿವಾಳ ಹೋಯಿತು, ದುಡ್ಡು ಹೋಯಿತು. ಎಣ್ಣೆ ಕೊಡುವವರು ಬಿಪಿ ಮಾತ್ರೆ ನಿಲ್ಲಿಸಿ ಅಂದರು, ನಾವು ದಡ್ಡರು ನಿಲ್ಲಿಸಿದೆವು. ಇಪ್ಪತ್ತು ದಿನಕ್ಕೆ ಬಿಪಿ ಏರಿ ಮತ್ತೆ ಆಸ್ಪತ್ರೆ. ಎಣ್ಣೆ ತಿಕ್ಕುವುದು ನಿಮ್ಮಿಷ್ಟ, ಮಾತ್ರೆ ಮಾತ್ರ ಯಾರೂ ನಿಲ್ಲಿಸಬೇಡಿ.

ಮಾತಿನ ಟೀಚರ್, ಮೈಸೂರು · ಸೋಮವಾರ ರಾತ್ರಿ 8:50

ನಾನು ಸ್ಪೀಚ್ ಥೆರಪಿಸ್ಟ್. ಪೇಷೆಂಟ್‌ಗಳು ‘ಮಾತಿನ ಟೀಚರ್’ ಅಂತ ಕರೆಯುತ್ತಾರೆ, ಅದನ್ನೇ ಹೆಸರು ಮಾಡಿಕೊಂಡೆ.

ತಿಪಟೂರಿನವರೇ, ಏಳು ತಿಂಗಳು ಅಂದರೆ ತಡ ಆಯಿತು ಅಂತ ಕೂರಬೇಡಿ. ಮೊದಲ ಮೂರರಿಂದ ಆರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ನಿಜ. ಆಮೇಲೆ ಬಾಗಿಲು ಮುಚ್ಚುತ್ತದೆ ಅನ್ನುವುದು ಸುಳ್ಳು. ವರ್ಷಗಟ್ಟಲೆ ನಿಧಾನಕ್ಕೆ ಸುಧಾರಿಸಿದವರನ್ನು ನಾನೇ ನೋಡಿದ್ದೇನೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದದ್ದು, ಕೇಂದ್ರ ಸರ್ಕಾರದ್ದು. ಅಫೇಸಿಯಾ ಅಳೆಯುವ ಪರೀಕ್ಷೆ ಕನ್ನಡದಲ್ಲೇ ಇದೆ, ಥೆರಪಿಗೂ ಕನ್ನಡದ ಕೈಪಿಡಿ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಾತಿನ ವಿಭಾಗ ಇದೆ. ಒಮ್ಮೆ ಹೋಗಿ ಪೂರ್ತಿ ಪರೀಕ್ಷೆ ಮಾಡಿಸಿ. ಆಮೇಲಿನ ಪಾಠವನ್ನು ವಿಡಿಯೋ ಕಾಲ್‌ನಲ್ಲಿ ಮುಂದುವರಿಸಬಹುದಾ ಅಂತ ಅಲ್ಲೇ ಕೇಳಿ. ಪ್ರತಿ ವಾರ ಬಸ್ ಹತ್ತುವ ಅಗತ್ಯ ಬೀಳದೇ ಇರಬಹುದು.

ಬಂದವರು ‘ಬುದ್ಧಿ ಹೋಗಿದೆ’ ಅಂದರು ಅಂತ ಬರೆದಿದ್ದೀರಿ. ಅಫೇಸಿಯಾದಲ್ಲಿ ಪೆಟ್ಟು ಬೀಳುವುದು ಭಾಷೆಗೆ. ಮನುಷ್ಯ ಅವನೇ, ನೆನಪು ಅವನದೇ. ಆದರೆ ಒಂದು ಮಾತು ಹೇಳಲೇಬೇಕು. ‘ಅವರಿಗೆ ಎಲ್ಲಾ ಅರ್ಥ ಆಗುತ್ತದೆ, ಹೇಳಲು ಮಾತ್ರ ಬರಲ್ಲ’ ಅಂತ ಮನೆಯವರು ಪ್ರೀತಿಯಿಂದ ಹೇಳುತ್ತಾರೆ. ಎಷ್ಟೋ ಸಲ ಅದು ಪೂರ್ತಿ ನಿಜ ಅಲ್ಲ. ಉದ್ದ ವಾಕ್ಯ, ನಾಲ್ಕು ಜನ ಒಟ್ಟಿಗೆ ಮಾತಾಡುವುದು, ಟಿವಿ ಹಾಕಿಕೊಂಡು ಮಾತಾಡುವುದು, ಇಂಥ ಕಡೆ ಅರ್ಥವೂ ಜಾರುತ್ತದೆ. ಅವರು ಮುಖ ನೋಡಿ, ಸಂದರ್ಭ ನೋಡಿ ತಲೆಯಾಡಿಸುತ್ತಾರೆ. ಟಿವಿ ಆಫ್ ಮಾಡಿ. ಒಂದು ಸಲಕ್ಕೆ ಒಂದೇ ವಿಷಯ. ಚಿಕ್ಕ ವಾಕ್ಯ. ಜೋರಾಗಿ ಬೇಡ, ಕಿವಿ ಸರಿ ಇದೆ.

ಇನ್ನೊಂದು, ಕನ್ನಡದವರಿಗೇ ಇರುವ ತೊಂದರೆ. ‘ಬೇಕು’, ‘ಬೇಡ’ ಎರಡೂ ‘ಬೇ’ಯಿಂದಲೇ ಶುರು. ಬೇಡ ಅನ್ನಲು ಹೋಗಿ ಬೇಕು ಅನ್ನುತ್ತಾರೆ. ನೀವು ಬಡಿಸುತ್ತೀರಿ, ಅವರಿಗೆ ಸಿಟ್ಟು ಬರುತ್ತದೆ. ಎಷ್ಟು ಮನೆಯಲ್ಲಿ ಇದೇ ಜಗಳ! ಬಾಯಿಮಾತನ್ನು ಒಂದೇ ನಂಬಬೇಡಿ. ಹೆಬ್ಬೆರಳು ಮೇಲೆ, ಹೆಬ್ಬೆರಳು ಕೆಳಗೆ ರೂಢಿ ಮಾಡಿಸಿ. ಅನ್ನದ ಪಾತ್ರೆ, ಮುದ್ದೆ ತಟ್ಟೆ ಎರಡನ್ನೂ ಮುಂದಿಟ್ಟು ತೋರಿಸಿ ಅನ್ನಿ. ಮುಖ್ಯ ವಿಷಯವಾದರೆ ತಿರುಗಿಸಿ ಎರಡು ಸಲ ಕೇಳಿ.

ನಿಧಾನ ಅವರೇ, ಚಪ್ಪಲಿ ಉದಾಹರಣೆ ನನ್ನ ವಿದ್ಯಾರ್ಥಿಗಳಿಗೆ ಹೇಳಲೇ?

ನಿಧಾನ · ಸೋಮವಾರ ರಾತ್ರಿ 9:40

ಹೇಳಿ. ಫೀಸ್ ಬೇಡ.

ತಿಪಟೂರು ಮಗಳು · ಮಂಗಳವಾರ ಸಂಜೆ 7:10

ಟೀಚರ್, ‘ಬೇಕು ಬೇಡ’ ಓದಿ ಅಮ್ಮನಿಗೆ ತೋರಿಸಿದೆ. ಅಮ್ಮ ಅತ್ತೇ ಬಿಟ್ಟಳು. ಏಳು ತಿಂಗಳು ‘ಹಟಮಾರಿ, ಬೇಕು ಅಂತಾನೇ ತಳ್ಳುತ್ತಾರೆ’ ಅಂತ ಬೈಯುತ್ತಿದ್ದಳು.

ಒಂದು ವಿಷಯ ಕೇಳಬೇಕು. ನಿನ್ನೆ ಸುಮ್ನೆ ಅಪ್ಪನ ಹಳೇ ಟಿಕೆಟ್ ಪಂಚ್ ತೆಗೆದು ಅವರ ಎಡಗೈಗೆ ಕೊಟ್ಟೆ. ಸ್ವಲ್ಪ ಹೊತ್ತು ಒತ್ತುತ್ತಾ ಕೂತರು. ನಾನು ‘ಗುಬ್ಬಿ’ ಅಂದೆ. ಅವರು ‘ನಿಟ್ಟೂರು’ ಅಂದರು! ಆಮೇಲೆ ನಿಂತಿತು. ನಾನು ‘ತಿಪಟೂರು’ ಅಂದೆ. ‘ಅರಸೀಕೆರೆ, ಬಾಣಾವರ, ಕಡೂರು, ಬೀರೂರು’ ಅಂತ ಒಂದೇ ಉಸಿರಿಗೆ. ತರೀಕೆರೆ ಹತ್ತಿರ ಸಿಕ್ಕಿಹಾಕಿಕೊಂಡರು. ನಾನು ‘ತ’ ಅಂದಿದ್ದಕ್ಕೆ ತರೀಕೆರೆ, ಭದ್ರಾವತಿ, ಶಿವಮೊಗ್ಗ ಮುಟ್ಟಿಸಿಯೇ ಬಿಟ್ಟರು. ಅದು ಅವರ ಹಳೇ ರೂಟ್. ಅಮ್ಮ ಅಡುಗೆ ಮನೆಯಿಂದ ಓಡಿ ಬಂದಳು.

ಆದರೆ ಆಮೇಲೆ ‘ನಾವು ಯಾವ ಊರಲ್ಲಿ ಇದ್ದೇವೆ?’ ಅಂತ ಕೇಳಿದರೆ ‘ಹಾಲು’. ಯಾಕೆ ಹೀಗೆ?

ಮಾತಿನ ಟೀಚರ್, ಮೈಸೂರು · ಮಂಗಳವಾರ ರಾತ್ರಿ 9:00

ಮಗ್ಗಿ, ವಾರದ ಹೆಸರು, ಶ್ಲೋಕ, ಹಾಡು, ಬೈಗುಳ, ನಿಮ್ಮ ಅಪ್ಪನ ಸ್ಟಾಪ್‌ಗಳು. ಇವೆಲ್ಲ ಸಾವಿರಾರು ಸಲ ಹೇಳಿ ಹೇಳಿ ಒಂದೇ ಸರದ ಹಾಗೆ ಆಗಿರುತ್ತವೆ. ಒಂದು ಮಣಿ ಎಳೆದರೆ ಉಳಿದದ್ದು ಬರುತ್ತದೆ. ಹೊಸದಾಗಿ ಯೋಚಿಸಿ ಒಂದು ಪದ ಆರಿಸಿ ಹೇಳುವುದು ಬೇರೆ ಕೆಲಸ. ಹಾಗಾಗಿ ‘ಸ್ಟಾಪ್ ಹೇಳ್ತಾರೆ, ಇನ್ನೇನು ಮಾತು ಬಂತು’ ಅಂತ ಊರಿಗೆಲ್ಲ ಹೇಳಬೇಡಿ. ಹಾಗಂತ ಅದನ್ನು ಬಿಡಲೂಬೇಡಿ. ದಾರಿ ಅಲ್ಲಿಂದಲೇ ಇದೆ. ಮಧ್ಯದ ಒಂದು ಸ್ಟಾಪ್ ಬಿಟ್ಟು ಕೇಳಿ. ಊರಿನ ಫೋಟೋ ತೋರಿಸಿ ಕೇಳಿ. ‘ಕಡೂರಲ್ಲಿ ಯಾರಿದ್ದಾರೆ, ಅತ್ತೆನಾ ಚಿಕ್ಕಪ್ಪನಾ?’ ಅಂತ ಎರಡರಲ್ಲಿ ಒಂದು ಆರಿಸಲು ಬಿಡಿ.

ಹಾಡಿನ ದಾರಿ ಹಿಡಿದ ಒಂದು ಥೆರಪಿಯೇ ಇದೆ, 1973ರಿಂದ. ‘ನೀ-ರು ಬೇ-ಕು’ ಅಂತ ರಾಗವಾಗಿ ಎಳೆದು, ಪ್ರತಿ ಅಕ್ಷರಕ್ಕೂ ಎಡಗೈಯಿಂದ ತಟ್ಟುತ್ತಾ ಹೇಳಿಸುವುದು. ಎಲ್ಲರಿಗೂ ಆಗಿ ಬರಲ್ಲ. ಅರ್ಥ ಚೆನ್ನಾಗಿದ್ದು ಮಾತು ಮಾತ್ರ ಕಟ್ಟಿಕೊಂಡವರಿಗೆ ಜಾಸ್ತಿ ಉಪಯೋಗ.

ಉಡುಪಿ ಹೋಟೆಲ್ ಸೊಸೆ · ಬುಧವಾರ ಮಧ್ಯಾಹ್ನ 3:25

ನಮ್ಮ ಮಾವನವರದ್ದು ಹೇಳುತ್ತೇನೆ. ಮುಂಬೈಯಲ್ಲಿ ನಲವತ್ತು ವರ್ಷ ಹೋಟೆಲ್ ನಡೆಸಿದವರು. ಮನೆಯಲ್ಲಿ ತುಳು, ಓದು ಕನ್ನಡ, ಗಲ್ಲಾದಲ್ಲಿ ಹಿಂದಿ, ಮರಾಠಿ. ಸ್ಟ್ರೋಕ್ ಆಗಿದ್ದು ಅಲ್ಲೇ. ಅಲ್ಲಿನ ಥೆರಪಿಸ್ಟ್ ಹಿಂದಿಯಲ್ಲಿ ಪಾಠ ಮಾಡಿದರು. ಮಾವ ಸುಮ್ಮನೆ ಅವರ ಮುಖ ನೋಡುತ್ತಿದ್ದರು. ‘ಸಹಕಾರ ಕೊಡುತ್ತಿಲ್ಲ’ ಅಂತ ಬರೆದರು. ಊರಿಗೆ ಕರೆದುಕೊಂಡು ಬಂದೆವು. ಇಲ್ಲಿ ಮೊದಲು ಬಂದದ್ದು ತುಳುವಿನ ಒಂದೇ ಪದ, ‘ಅಂದ್’. ಅಂದರೆ ಹೌದು. ಎಲ್ಲದಕ್ಕೂ ಅಂದ್. ಸಿಟ್ಟಿಗೂ ಅಂದ್, ಊಟಕ್ಕೂ ಅಂದ್, ಬೇಡ ಅನ್ನಲೂ ಅಂದ್. ರಾಗ ಬೇರೆ ಬೇರೆ. ನಮ್ಮ ಅತ್ತೆ ರಾಗ ಕೇಳಿಯೇ ಕೆಲಸ ಮಾಡುತ್ತಾರೆ, ಒಂದೂ ತಪ್ಪಲ್ಲ.

ಗುಂಪಿನ ವಿಷಯಕ್ಕೆ ಬರುತ್ತೇನೆ. ಮಾವನಿಗೆ ತಾಳಮದ್ದಲೆ ಹುಚ್ಚು, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ. ಚಿಕ್ಕಂದಿನಲ್ಲಿ ಅರ್ಥ ಹೇಳುತ್ತಿದ್ದರು. ಊರಿನ ಸಂಘದವರಿಗೆ ಗೊತ್ತಾಗಿ ಒಂದು ಶನಿವಾರ ಬಂದು ಕರೆದರು. ನನಗೆ ಹೆದರಿಕೆ. ಮಾತೇ ಬಂಡವಾಳ ಆಗಿರುವ ಜಾಗಕ್ಕೆ ಮಾತು ಹೋದವರನ್ನು ಕರೆದುಕೊಂಡು ಹೋಗುವುದಾ? ಅವರು ಚೆಂಡೆಯವರ ಪಕ್ಕ ಒಂದು ಕುರ್ಚಿ ಹಾಕಿದರು. ಅಷ್ಟೆ. ಮಾವ ಎಡಗೈಯಲ್ಲಿ ತೊಡೆ ತಟ್ಟಿ ತಾಳ ಹಾಕಿದರು. ಇಬ್ಬರು ವಾದಕ್ಕೆ ಬಿದ್ದು ಒಬ್ಬರು ‘ನಾನು ಹೇಳಿದ್ದು ಸರಿಯೋ ಅಲ್ಲವೋ?’ ಅಂತ ಸಭೆ ಕಡೆ ತಿರುಗಿದಾಗ ಮಾವ ಗಟ್ಟಿಯಾಗಿ ‘ಅಂದ್!’ ಅಂದರು. ಇಡೀ ಸಭೆ ನಕ್ಕಿತು. ಅವರೂ ನಕ್ಕರು. ಎಂಟು ತಿಂಗಳಲ್ಲಿ ಮೊದಲ ಸಲ.

ಈಗ ಶನಿವಾರ ನಾಲ್ಕು ಗಂಟೆಗೇ ಅಂಗಿ ಹಾಕಿಕೊಂಡು ಕೂರುತ್ತಾರೆ. ಅಫೇಸಿಯಾದವರ ಗುಂಪು ನಮ್ಮಲ್ಲೂ ಇಲ್ಲ. ಮೊದಲೇ ಇದ್ದ ಗುಂಪು ಒಂದು ಕುರ್ಚಿ ಜಾಸ್ತಿ ಹಾಕಿತು.

ಮಾತಿನ ಟೀಚರ್, ಮೈಸೂರು · ಬುಧವಾರ ರಾತ್ರಿ 8:15

‘ಅಂದ್’ ಓದಿ 1861ರ ಪ್ಯಾರಿಸ್ ನೆನಪಾಯಿತು. ಬ್ರೊಕಾ ಅನ್ನುವ ವೈದ್ಯರ ಹತ್ತಿರ ಒಬ್ಬ ರೋಗಿ ಇದ್ದ. ಏನು ಕೇಳಿದರೂ ‘ಟಾನ್ ಟಾನ್’. ಆಸ್ಪತ್ರೆಯಲ್ಲಿ ಅವನ ಹೆಸರೇ ಟಾನ್ ಆಗಿಹೋಗಿತ್ತು. ಅವನು ತೀರಿಕೊಂಡ ಮೇಲೆ ಮೆದುಳು ನೋಡಿದಾಗ ಎಡಗಡೆ ಮುಂಭಾಗಕ್ಕೆ ಪೆಟ್ಟು ಬಿದ್ದಿತ್ತು. ಮಾತಿಗೆ ಮೆದುಳಿನಲ್ಲಿ ಜಾಗ ಇದೆ ಅಂತ ಜಗತ್ತು ನಂಬಲು ಶುರು ಮಾಡಿದ್ದು ಅಲ್ಲಿಂದ.

ಭಾಷೆ ಬಗ್ಗೆ: ಹಲವು ಭಾಷೆ ಬಲ್ಲವರಿಗೆ ಸಾಮಾನ್ಯವಾಗಿ ಎಲ್ಲ ಭಾಷೆಯೂ ಒಟ್ಟೊಟ್ಟಿಗೆ ಸುಧಾರಿಸುತ್ತದೆ, ಕೆಲವರಿಗೆ ಒಂದೇ ಮೊದಲು ಎದ್ದು ಬರುತ್ತದೆ. ಯಾವುದು ಅಂತ ಮೊದಲೇ ಹೇಳಲು ಆಗಲ್ಲ. ಮನೆ ಭಾಷೆ ಯಾವುದು ಅಂತ ಥೆರಪಿಸ್ಟ್‌ಗೆ ಮೊದಲ ದಿನವೇ ಹೇಳಿ.

ಟೊರಾಂಟೊ ಕನ್ನಡಿಗ · ಗುರುವಾರ ಬೆಳಗ್ಗೆ 7:45

ಇಲ್ಲಿ ಅಫೇಸಿಯಾಗೇ ಅಂತ ಒಂದು ಸಂಸ್ಥೆ ಇದೆ, ಅಫೇಸಿಯಾ ಇನ್‌ಸ್ಟಿಟ್ಯೂಟ್. ನಮ್ಮ ದೊಡ್ಡಪ್ಪನಿಗೆ ಸ್ಟ್ರೋಕ್ ಆದಾಗ ಅಲ್ಲಿಗೆ ಹೋಗಿ ಬರುತ್ತಿದ್ದೆ. 1979ರಲ್ಲಿ ಅದನ್ನು ಶುರು ಮಾಡಿದ್ದು ಮಾತು ಕಳೆದುಕೊಂಡ ಒಬ್ಬರ ಹೆಂಡತಿ. ಹಾಗಾಗಿ ತಿಪಟೂರಿನ ಅಕ್ಕ, ನೀವು ಶುರು ಮಾಡಬಾರದು ಅಂತೇನಿಲ್ಲ.

ಅಲ್ಲಿ ಗುಂಪು ನಡೆಸುವವರಲ್ಲಿ ಬಹಳ ಜನ ಸ್ವಯಂಸೇವಕರು. ಅವರಿಗೆ ಮೊದಲು ಕಲಿಸುವುದು ಹೇಗೆ ಮಾತಾಡಬೇಕು ಅಂತ. ಕೈಯಲ್ಲಿ ದಪ್ಪ ಮಾರ್ಕರ್, ಬಿಳಿ ಹಾಳೆ. ಮಾತಾಡುತ್ತಾ ಮುಖ್ಯ ಪದ ಬರೆಯುತ್ತಾರೆ. ಚಿತ್ರ ಗೀಚುತ್ತಾರೆ. ‘ಹೌದು’, ‘ಇಲ್ಲ’, ‘?’ ಅಂತ ಬರೆದು ಮುಂದಿಡುತ್ತಾರೆ. ಆ ಪ್ರಶ್ನಾರ್ಥಕ ಚಿಹ್ನೆ ನನಗೆ ತುಂಬ ಹಿಡಿಸಿತು. ‘ನೀವು ಕೇಳಿದ್ದೇ ತಪ್ಪು’ ಅಂತ ಹೇಳಲು ದೊಡ್ಡಪ್ಪ ಅದನ್ನೇ ಬೆರಳಲ್ಲಿ ಕುಟ್ಟುತ್ತಿದ್ದರು. ಮಾತು ಸಿಗದೆ ಒದ್ದಾಡುವಾಗ ಅವರು ಹೇಳುವ ಒಂದು ವಾಕ್ಯ ಇದೆ: ‘ನಿಮಗೆ ಗೊತ್ತಿದೆ ಅಂತ ನನಗೆ ಗೊತ್ತು.’ ನಾನು ಅದನ್ನು ಕನ್ನಡದಲ್ಲಿ ಹೇಳಿದ ದಿನ ದೊಡ್ಡಪ್ಪ ನನ್ನ ಕೈ ಹಿಡಿದುಕೊಂಡು ಸುಮಾರು ಹೊತ್ತು ಬಿಡಲಿಲ್ಲ.

ಇಲ್ಲಿ ಎಲ್ಲ ಚೆಂದ ಅಂತ ತಿಳಿಯಬೇಡಿ. ಗುಂಪು ಇಂಗ್ಲಿಷಿನಲ್ಲಿ. ದೊಡ್ಡಪ್ಪನ ಇಂಗ್ಲಿಷ್ ಅರ್ಧ ಹೋಗಿತ್ತು. ನಮ್ಮ ಕನ್ನಡ ಕೂಟದಲ್ಲಿ ಯುಗಾದಿಗೆ ಒಮ್ಮೆ, ರಾಜ್ಯೋತ್ಸವಕ್ಕೆ ಒಮ್ಮೆ ಜನ. ಮಧ್ಯೆ ಚಳಿಗಾಲ. ನಿಮಗೆ ಕನ್ನಡ ಬೀದಿಯಲ್ಲೇ ಇದೆ.

ಸಾಗರದ ಮೇಷ್ಟ್ರು · ಗುರುವಾರ ಸಂಜೆ 6:00

ಕಾಗದದ ವಿಷಯ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ತೊಂದರೆ ಪಟ್ಟಿ ಮಾಡಿದ್ದಾರೆ. ಅದರಲ್ಲಿ ‘ಮಾತು ಮತ್ತು ಭಾಷೆಯ ವೈಕಲ್ಯ’ ಒಂದು. ಅದರ ವಿವರಣೆಯಲ್ಲಿ ಅಫೇಸಿಯಾ ಅನ್ನುವ ಪದವೇ ಇದೆ. ನನ್ನ ಹೆಂಡತಿಗೆ ಸರ್ಟಿಫಿಕೇಟ್ ಮಾಡಿಸಲು ಹೋದಾಗ ಕೌಂಟರಿನವರು ‘ಮಾತಿಗೆಲ್ಲ ಕೊಡಲ್ಲ, ಕೈಕಾಲಿಗೆ ಮಾತ್ರ’ ಅಂದರು. ಕಾಯ್ದೆಯ ಆ ಪುಟವನ್ನು ಜೆರಾಕ್ಸ್ ಮಾಡಿಸಿಕೊಂಡು ಮತ್ತೆ ಹೋದೆ. ಆಮೇಲೆ ಸಾಹೇಬರ ಹತ್ತಿರ ಕಳಿಸಿದರು.

ಅರ್ಜಿ ಯುಡಿಐಡಿ (ಅಂಗವಿಕಲರ ಗುರುತಿನ ಕಾರ್ಡ್) ಪೋರ್ಟಲ್‌ನಲ್ಲಿ ಹಾಕಬೇಕು. 40% ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಹೆಚ್ಚಿನ ಸವಲತ್ತುಗಳಿಗೆ ಅರ್ಹತೆ. ಕೈಕಾಲು, ಮಾತು ಎರಡನ್ನೂ ಅಳೆಯಿರಿ ಅಂತ ಬಾಯಿಬಿಟ್ಟು ಕೇಳಿ. ಶಾಶ್ವತ ತೊಂದರೆಗೆ ಕೊಡುವ ಕಾಗದ ಆದ್ದರಿಂದ ಇನ್ನೂ ಸುಧಾರಿಸುತ್ತಿರುವಾಗ ‘ಸ್ವಲ್ಪ ದಿನ ಬಿಟ್ಟು ಬನ್ನಿ’ ಅನ್ನಬಹುದು, ಅದು ತಪ್ಪಲ್ಲ.

ನಮಗೆ ಇದರಿಂದ ಸಿಕ್ಕ ದೊಡ್ಡ ಲಾಭ ದುಡ್ಡಲ್ಲ. ಬ್ಯಾಂಕಿನಲ್ಲಿ, ಬಸ್ಸಿನಲ್ಲಿ ಆ ಕಾರ್ಡ್ ತೋರಿಸಿದರೆ ‘ಯಾಕಮ್ಮಾ ಬಾಯಿ ಇಲ್ವಾ?’ ಅನ್ನುವವರು ಸುಮ್ಮನಾಗುತ್ತಾರೆ.

ಹಾಸನದವನು · ಶುಕ್ರವಾರ ಬೆಳಗಿನ ಜಾವ 2:10

ಎಲ್ಲ ಓದಿದೆ. ಚೆನ್ನಾಗಿದೆ. ತಾಳಮದ್ದಲೆ, ಟೊರಾಂಟೊ, ಮಾರ್ಕರ್.

ನಮ್ಮಮ್ಮ ಇವತ್ತು ಸಂಜೆಯಿಂದ ಒಂದೇ ಸಮ ಅಳುತ್ತಿದ್ದಾಳೆ. ಯಾಕೆ ಅಂತ ಹೇಳಲು ಬರಲ್ಲ. ನೋವಾ, ಹಸಿವಾ, ಅಪ್ಪನ ನೆನಪಾ. ಇಪ್ಪತ್ತು ಪ್ರಶ್ನೆ ಕೇಳಿದೆ. ಕೊನೆಗೆ ನಾನು ಕಿರುಚಿದೆ. ಅವಳು ಹೆದರಿ ಅಳು ನಿಲ್ಲಿಸಿದಳು. ಈಗ ಮಲಗಿದ್ದಾಳೆ. ನನಗೆ ನಿದ್ದೆ ಬರುತ್ತಿಲ್ಲ.

ಪೇಷೆಂಟ್‌ಗೆ ಗುಂಪು ಬೇಕು ಸರಿ. ನನ್ನಂಥವನಿಗೆ?

ನಿಧಾನ · ಶುಕ್ರವಾರ ಬೆಳಗ್ಗೆ 5:50

ಅಣ್ಣಾ. ನಾನು ಪೇಷೆಂಟ್ ಕಡೆಯಿಂದ ಹೇಳುತ್ತೇನೆ. ನನ್ನ ಹೆಂಡತಿಯೂ ಕಿರುಚಿದ್ದಾಳೆ. ನಾನು ತಟ್ಟೆ ಎಸೆದಿದ್ದೇನೆ. ಮಾರನೇ ದಿನ ಅವಳು ಕಾಫಿ ಕೊಟ್ಟಳು. ನಾನು ಕುಡಿದೆ. ಅಷ್ಟೆ.

ನಂಬರ್ ಮೆಸೇಜ್ ಮಾಡಿದ್ದೇನೆ. ಫೋನ್ ಮಾಡಿ. ನಾನು ಕಮ್ಮಿ ಮಾತಾಡುತ್ತೇನೆ. ನೀವು ಜಾಸ್ತಿ ಮಾತಾಡಿ.

ಮಾತಿನ ಟೀಚರ್, ಮೈಸೂರು · ಶುಕ್ರವಾರ ಬೆಳಗ್ಗೆ 8:30

ಹಾಸನದವರೇ, ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಅದಕ್ಕೆ ಚಿಕಿತ್ಸೆ ಇದೆ. ಕಾರಣವೇ ಇಲ್ಲದೆ ಅಳು ಅಥವಾ ನಗು ತಡೆಯಲಾರದೆ ಬರುವುದು ಇನ್ನೊಂದು ಬಗೆ, ಅದಕ್ಕೂ ಔಷಧಿ ಇದೆ. ಅಮ್ಮನನ್ನು ನರರೋಗ ವೈದ್ಯರಿಗೆ ಒಮ್ಮೆ ತೋರಿಸಿ, ‘ಅಳು’ ಅನ್ನುವುದನ್ನು ಬಿಡದೆ ಹೇಳಿ.

ಮತ್ತೆ ನೀವು. 14416, ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳುವ ಸಹಾಯವಾಣಿ. ಸರ್ಕಾರದ್ದು, ದುಡ್ಡಿಲ್ಲ, ರಾತ್ರಿ ಎರಡು ಗಂಟೆಗೂ ಕನ್ನಡದಲ್ಲೇ ಮಾತಾಡುತ್ತಾರೆ. ಅದು ರೋಗಿಗೆ ಮಾತ್ರ ಅಂತ ತಿಳಿಯಬೇಡಿ.

ಹಾಸನದವನು · ಶುಕ್ರವಾರ ರಾತ್ರಿ 9:20

ನಿಧಾನ ಅವರಿಗೆ ಫೋನ್ ಮಾಡಿದ್ದೆ. ಐವತ್ತು ನಿಮಿಷ. ಅವರು ಒಟ್ಟು ಹನ್ನೆರಡು ಪದ ಹೇಳಿರಬೇಕು. ಒಂದು ಬೈಗುಳ. ಥ್ಯಾಂಕ್ಸ್ ಗುರುವೇ.

ತಿಪಟೂರು ಮಗಳು · ಎರಡೂವರೆ ತಿಂಗಳ ನಂತರ, ಭಾನುವಾರ ರಾತ್ರಿ

ಮರೆತಿಲ್ಲ, ಸಮಯ ಸಿಗಲಿಲ್ಲ. ಮೈಸೂರಿಗೆ ಹೋಗಿ ಬಂದೆವು. ಅಮ್ಮನಿಗೂ ನನಗೂ ಶಕ್ತಿ ಟಿಕೆಟ್, ಅಪ್ಪನಿಗೆ ಮಾತ್ರ ದುಡ್ಡಿನ ಟಿಕೆಟ್. ಕಂಡಕ್ಟರ್ ಹುಡುಗ ಚಿಲ್ಲರೆ ಆಮೇಲೆ ಕೊಡುತ್ತೇನೆ ಅಂತ ಟಿಕೆಟ್ ಹಿಂದೆ ಬರೆದ. ಅಪ್ಪ ಇಳಿಯುವವರೆಗೂ ಅವನನ್ನೇ ದಿಟ್ಟಿಸುತ್ತಿದ್ದರು.

ಮನೆ ಬಾಗಿಲಿಗೆ ಒಂದು ರಟ್ಟು ಹಾಕಿದ್ದೇನೆ. ‘ನಾನ್ಯಾರು ಅಂತ ಕೇಳಬೇಡಿ. ನೀವೇ ಹೆಸರು ಹೇಳಿ. ಒಂದು ಮಾತು ಆಡಿ ಮನಸ್ಸಲ್ಲೇ ಹತ್ತು ಎಣಿಸಿ.’ ಅತ್ತೆಯೊಬ್ಬರಿಗೆ ಸಿಟ್ಟು ಬಂತು. ಕಟ್ಟೆ ಗೆಳೆಯರಲ್ಲಿ ಇಬ್ಬರು ಓದಿ ಒಳಗೆ ಬಂದರು. ಒಬ್ಬರು ಜೋರಾಗಿ ಬೆರಳು ಮಡಚಿ ಎಣಿಸಿದರು, ಅಪ್ಪನಿಗೆ ನಗು.

ಗುಂಪು ಶುರುವಾಗಿದೆ. ನಮ್ಮ ಫಿಸಿಯೋ ಹುಡುಗ ತನ್ನ ಪೇಷೆಂಟ್ ಮನೆಯವರನ್ನು ಕೇಳಿ ಒಪ್ಪಿದವರ ನಂಬರ್ ಕೊಟ್ಟ. ಐದು ಮನೆ. ಗಣಪತಿ ಗುಡಿ ಪಕ್ಕದ ಭಜನೆ ರೂಮು, ಭಾನುವಾರ ನಾಲ್ಕಕ್ಕೆ. ಮೊದಲ ವಾರ ಪೂರ್ತಿ ಕೆಟ್ಟಿತು. ಮನೆಯವರೇ ಎರಡು ಗಂಟೆ ಮಾತಾಡಿದೆವು, ಪೇಷೆಂಟ್‌ಗಳು ಗೋಡೆ ನೋಡಿದರು. ಎರಡನೇ ವಾರ ಮನೆಯವರನ್ನೆಲ್ಲ ಜಗುಲಿಗೆ ಕಳಿಸಿದೆ. ಒಳಗೆ ಚೌಕಾಬಾರ ಹಾಸಿದೆ. ಮಾತು ಬೇಡ, ಎಡಗೈ ಸಾಕು. ಕವಡೆ ಜಾರುತ್ತದೆ ಅಂತ ಹುಣಸೆ ಬೀಜ ಉಜ್ಜಿ ಮಾಡಿದ್ದೇವೆ. ಜಗುಲಿಯಲ್ಲಿ ಅಮ್ಮಂದಿರ ಗಲಾಟೆ ಒಳಗಿಗಿಂತ ಜಾಸ್ತಿ. ಹಾಸನದವರು ಹೇಳಿದ್ದು ಸರಿ, ಅದೂ ಒಂದು ಗುಂಪೇ ಬೇಕಿತ್ತು.

ಒಬ್ಬರು ಟೈಲರ್ ಇದ್ದಾರೆ. ಅವರಿಗೆ ಮಾತು ಧಾರಾಳ, ಆದರೆ ಒಂದೂ ಪದ ಅಲ್ಲ. ರಾಗ, ಏರಿಳಿತ ಎಲ್ಲ ಸರಿ, ಕೇಳಿದರೆ ಬೇರೆ ಯಾವುದೋ ಭಾಷೆ. ಅಪ್ಪನಿಗೆ ಮಾತಿಲ್ಲ. ಇಬ್ಬರಿಗೂ ಹೇಗೋ ಜೋಡಿ ಕುದುರಿದೆ. ಇವತ್ತು ಟೈಲರ್ ಕಾಯಿ ಕೈಯಲ್ಲಿ ಹಿಡಿದು, ಯಾವ ಮನೆಗೆ ಇಡಬೇಕು ಅಂತ ಗೊತ್ತಾಗದೆ, ಉದ್ದಕ್ಕೆ ಏನೋ ಹೇಳುತ್ತಾ ಕೂತಿದ್ದರು. ನಾವು ಯಾರೂ ಬಾಯಿ ಹಾಕಲಿಲ್ಲ. ಅಪ್ಪ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕುರ್ಚಿಯ ಕೈಯನ್ನು ಎಡಗೈಯಲ್ಲಿ ಎರಡು ಸಲ ಬಡಿದು, ಅದೇ ಹಳೇ ಗಂಟಲಲ್ಲಿ, ‘ಮುಂದೆ ಹೋಗಿ, ಮುಂದೆ ಹೋಗಿ’ ಅಂದರು.

ಟೈಲರ್ ಮುಂದೆ ಇಟ್ಟರು.

ಟೀಚರ್, ಇದು ಸರದ ಮಣಿಯೋ, ನಿಜವಾದ ಮಾತೋ ನೀವೇ ಹೇಳಿ. ನಮಗೆ ಇವತ್ತಿಗೆ ಸಾಕು.

ಈಗ ಒಂದು ಸಹಾಯ. ಮುಂದಿನ ವಾರ ಪಕ್ಕದೂರಿಂದ ಇನ್ನಿಬ್ಬರು ಬರುತ್ತಾರೆ. ಗುಡಿಗೆ ಎರಡು ಮೆಟ್ಟಿಲು, ಹಲಗೆ ಸಿಕ್ಕಿದೆ. ಕುರ್ಚಿ ಸಾಲದು. ಪ್ಲಾಸ್ಟಿಕ್‌ದು ಆಗಲ್ಲ, ಎದ್ದೇಳುವಾಗ ಮಗುಚುತ್ತದೆ. ಕೈ ಇರುವ ಮರದ ಕುರ್ಚಿ ಯಾರ ಹತ್ತಿರವಾದರೂ ಇದೆಯಾ?

ನಿಧಾನ · ಭಾನುವಾರ ರಾತ್ರಿ 11:05

ಎರಡು ಇದೆ. ಭಾನುವಾರ ತರುತ್ತೇನೆ. ಮೆಡಿಕಲ್ ಶಾಪ್‌ನವನ ಗಾಡಿ ಇದೆ.

ಚೌಕಾಬಾರ ನನಗೆ ಬರಲ್ಲ. ಕಲಿಸಬೇಕು. ನಿಧಾನವಾಗಿ.